ಮಕ್ಕಳ ಪ್ರಾರ್ಥನೆಗೆ ಟಪಾಲು ನಂಬರು

ಅಕ್ಷರ ಚೆನ್ನಾಗಿರುವವರನ್ನು ಅಷ್ಟಾಗಿ ನಂಬಬಾರದು. ಇದನ್ನು ಅಕ್ಷರ ಚೆನ್ನಾಗಿರುವ ನಾನೇ ಹೇಳುತ್ತಿದ್ದೇನೆ. ಅಕ್ಷರ ಕೆಟ್ಟದಾಗಿರುವವನು ಬರೆಯುವುದಕ್ಕೆ ಮೊದಲು ಎರಡು ಸಲ ಯೋಚಿಸುತ್ತಾನೆ, ಬರೆದದ್ದನ್ನು ಯಾರೂ ನೋಡುವ ಮೊದಲೇ ಹರಿದು ಹಾಕುತ್ತಾನೆ. ನಮ್ಮಂಥವರು ಹಾಗಲ್ಲ. ಗುಂಡಗೆ ಬರುತ್ತದಲ್ಲ ಎಂದು ಬರೆಯುತ್ತಲೇ ಹೋಗುತ್ತೇವೆ, ನಾಲ್ಕು ಜನ ನೋಡಲಿ ಎಂದು ಆಸೆಪಡುತ್ತೇವೆ. ನಾನು ಮೂವತ್ತೊಂದು ವರ್ಷ ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಗೆ ಹೋಗಿ, ಅಲ್ಲಿ ಟಪಾಲು ವಿಭಾಗದಲ್ಲಿ ಕುಳಿತು, ಬಂದ ಕಾಗದಕ್ಕೆಲ್ಲ ನಂಬರು ಕೊಟ್ಟವನು. ಯಾರು ಕಳಿಸಿದರು, ತಂದೆಯ ಹೆಸರೇನು, ವಿಷಯವೇನು, ಯಾವ ಟೇಬಲ್ಲಿಗೆ ಹೋಯಿತು, ವಿಲೇವಾರಿ ಆಯಿತೋ ಇಲ್ಲವೋ. ಪೂರ್ಣ ವಿವರವಿಲ್ಲದ ಒಂದು ಕಾಗದವನ್ನೂ ನಾನು ಮುಂದಕ್ಕೆ ಕಳಿಸಿದ್ದಿಲ್ಲ. ನಿವೃತ್ತಿಯ ದಿನ ನಮ್ಮ ಸಾಹೇಬರು ನನಗೆ ಹಾರ ಹಾಕಿ ಹೊಗಳಿದ್ದು ಇದೊಂದನ್ನೇ. ಆ ಹೊಗಳಿಕೆ ಒಬ್ಬ ಮನುಷ್ಯನನ್ನು ಹೊಳೆಯ ದಂಡೆಗೆ ಕಳಿಸೀತು ಎಂದು ಅವರಿಗಾಗಲಿ ನನಗಾಗಲಿ ಅವತ್ತು ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ನಂಬರು ಕೊಡುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ತೊಗರಿಬೇಳೆ ಖಾಲಿಯಾಗಿ ಅದರಲ್ಲಿ ಹೆಂಡತಿ ಅವಲಕ್ಕಿ ಹಾಕಿಟ್ಟಾಗ ಚೀಟಿ ಬದಲಾಯಿಸದೆ ಹಾಕಿದ್ದು ತಪ್ಪು ಎಂದು ವಾದಿಸಿದೆ. ಅದೇ ವಾರ ನಮ್ಮ ಚರ್ಚಿನ ಗ್ರೇಸಮ್ಮ ಮನೆಗೆ ಬಂದರು. ಗ್ರೇಸಮ್ಮ ನರ್ಸರಿ ಟೀಚರಾಗಿದ್ದವರು, ಶನಿವಾರ ಸಂಜೆ ನಾಲ್ಕಕ್ಕೆ ಚರ್ಚಿನ ಹಾಲಿನಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಒಂದು ಕೂಟ ನಡೆಸುತ್ತಾರೆ. ಮೊದಲು ಎಲ್ಲರೂ ಸೇರಿ ಹಾಡು, ಕಥೆ. ಆಮೇಲೆ ಆರಾರು ಮಕ್ಕಳ ಸಣ್ಣ ಗುಂಪು, ಗುಂಪಿಗೊಂದು ಚಾಪೆ, ಚಾಪೆಗೊಬ್ಬರು ದೊಡ್ಡವರು. ಒಂದು ಚಾಪೆಗೆ ಜನ ಸಾಲದಾಗಿತ್ತು. "ಇಪ್ಪತ್ತೇ ನಿಮಿಷ ಬ್ರದರ್, ಸುಮ್ನೆ ಮಕ್ಕಳ ಜೊತೆ ಕೂತ್ಕೊಂಡ್ರೆ ಸಾಕು" ಅಂದರು. ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದಲೇ, "ಬರ್ತಾರೆ, ಈ ಶನಿವಾರದಿಂದಲೇ ಬರ್ತಾರೆ" ಅಂದಳು.

ಇಪ್ಪತ್ತು ನಿಮಿಷ ಎಂದರೆ ಎಷ್ಟು ಎಂಬುದು ಆರು ಮಕ್ಕಳ ಜೊತೆ ಒಂದು ಚಾಪೆಯ ಮೇಲೆ ಕುಳಿತವರಿಗೆ ಮಾತ್ರ ಗೊತ್ತು. ಮೊದಲ ವಾರ ಒಂದು ಮಗುವಿಗೆ ಒಂದಕ್ಕೆ ಬಂತು. ಉಳಿದ ಐದಕ್ಕೂ ಬಂತು. ವಾಪಸು ಬರುವಾಗ ಐದೇ ಬಂದವು, ಒಂದು ಪಕ್ಕದ ಚಾಪೆಗೆ ಹೋಗಿ ಅಲ್ಲಿಯದೇ ಎಂಬಂತೆ ಕುಳಿತುಬಿಟ್ಟಿತ್ತು. ಎರಡನೆಯ ವಾರ ಜೋಯಲ್ ಎಂಬ ಮಹಾಶಯ ನನ್ನ ಮೊಣಕೈ ಕಚ್ಚಿದ. ಯಾಕಪ್ಪಾ ಎಂದರೆ, "ಸುಮ್ನೆ" ಅಂದ. ಮೂವತ್ತೊಂದು ವರ್ಷದ ಸರ್ಕಾರಿ ಸೇವೆಯಲ್ಲಿ ಅಷ್ಟು ಪ್ರಾಮಾಣಿಕವಾದ ವಿವರಣೆಯನ್ನು ನಾನು ಯಾರಿಂದಲೂ ಪಡೆದಿರಲಿಲ್ಲ. ಗ್ರೇಸಮ್ಮ ನನ್ನ ಪಾಡು ನೋಡಿ ಒಂದು ಬಟ್ಟೆಯ ಕುರಿಮರಿ ತಂದುಕೊಟ್ಟರು. ಕುರಿಮರಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಕೇಳಬೇಕು. ಕೊನೆಯಲ್ಲಿ ಕುರಿಮರಿ ಹಿಡಿದ ಮಗುವನ್ನು, ಯೇಸಪ್ಪನಿಗೆ ಏನು ಹೇಳೋಣ ಎಂದು ಕೇಳಬೇಕು, ಅದು ಹೇಳಿದ್ದಕ್ಕೆ ಎಲ್ಲರೂ ಆಮೆನ್ ಅನ್ನಬೇಕು. "ಅವು ಏನೇನೋ ಹೇಳ್ತಾವೆ ಬ್ರದರ್. ಕೇಳಿಸ್ಕೊಳಿ, ಅಷ್ಟೇ. ಅಲ್ಲಿಗೆ ಬಿಡಿ" ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ, ಅಲ್ಲಿಗೆ ಬಿಟ್ಟೆ.

ಏಕೆಂದರೆ ಆ ಮಕ್ಕಳ ಬಾಯಿಂದ ಬರುತ್ತಿದ್ದ ಕೋರಿಕೆಗಳನ್ನು ಬರೆದುಕೊಳ್ಳದೆ ಇರುವುದು ನನ್ನಿಂದಾಗಲಿಲ್ಲ. ಮೂರನೆಯ ವಾರಕ್ಕೆ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದೆ. ಕ್ರಮಸಂಖ್ಯೆ, ಮಗುವಿನ ಹೆಸರು, ತಂದೆಯ ಹೆಸರು, ವಿಷಯ, ಸ್ಥಳ, ವಿಲೇವಾರಿ. ಜೋಯಲ್, ಬೆಕ್ಕಿನ ಕಾಲು ನೋವು ಹೋಗಬೇಕು, ಬಾಕಿ ಇದೆ. ಇನ್ನೊಬ್ಬಳು, ಅಜ್ಜಿ ಹಲ್ಲು ಬಾವಿಯಲ್ಲಿ ಬಿದ್ದಿದೆ, ತೆಗೆದುಕೊಡಬೇಕು, ಬಾಕಿ ಇದೆ. ಜೋಯಲ್, ತಮ್ಮ ಹುಟ್ಟುವುದು ಬೇಡ, ವಿಳಂಬವಾಗಿ ಸ್ವೀಕರಿಸಲಾಗಿದೆ. ಮಕ್ಕಳು ನನ್ನನ್ನು ಪೆನ್ನು ತಾತ ಎಂದು ಕರೆಯತೊಡಗಿದವು. ತಾತ ಎಂದದ್ದು ನನಗೆ ಅಷ್ಟು ಹಿಡಿಸದಿದ್ದರೂ ಪೆನ್ನು ಎಂದದ್ದು ಹಿಡಿಸಿತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಕಾಗದ ಬಂದ ಮೇಲೆ ಮೇಲಿನವರಿಗೆ ಮಂಡಿಸಬೇಕಲ್ಲ. ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ, ಯಾರಿಗಾದರೂ ಕಷ್ಟವಿದ್ದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಭಾನುವಾರದ ಆರಾಧನೆಯಲ್ಲಿ ನಮ್ಮ ಪಾದ್ರಿ ಅಯ್ಯನವರು ಅದನ್ನು ಓದಿ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಆಪರೇಷನ್ನು, ಪರೀಕ್ಷೆ, ವೀಸಾ, ಮಂಡಿನೋವು. ಒಂದು ಭಾನುವಾರ ನಾನು ಮಕ್ಕಳ ಕೋರಿಕೆಗಳಲ್ಲಿ ಐದನ್ನು ಆರಿಸಿ, ಶುದ್ಧಪ್ರತಿ ತೆಗೆದು, ಅಯ್ಯನವರ ಕೈಗೆ ಕೊಟ್ಟೆ. ಅವರು ಅಜ್ಜಿಯ ಹಲ್ಲನ್ನು ಓದಿದರು. ಇಡೀ ಸಭೆ ನಕ್ಕಿತು. ಮಂಡಿನೋವಿನವರೂ ನಕ್ಕರು. ಆರಾಧನೆ ಮುಗಿದ ಮೇಲೆ ಜನ ನನ್ನನ್ನು ಹುಡುಕಿಕೊಂಡು ಬಂದು, "ಮುಂದಿನ ವಾರ ಏನಿದೆ?" ಎಂದು ಕೇಳಿದರು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಟಪಾಲಿಗೆ ಜನ ಕಾಯುತ್ತಿದ್ದರು. ಆಮೇಲಿನ ಶನಿವಾರಗಳಲ್ಲಿ ನಾನು ಮಕ್ಕಳ ಮಾತು ಕೇಳುತ್ತಿದ್ದದ್ದು ಮಕ್ಕಳಿಗಾಗಿ ಅಲ್ಲ, ಯಾವುದಕ್ಕೆ ಜನ ನಗುತ್ತಾರೆ ಎಂದು ನೋಡುವುದಕ್ಕೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಜೆಸ್ಸಿಗೆ ಆಗ ನಾಲ್ಕೂವರೆ ವರ್ಷ. ಮಾತು ಕಡಿಮೆ. ಕುರಿಮರಿ ಕೈಗೆ ಬಂದರೆ ಅದರ ಕಿವಿ ಸವರಿ ಪಕ್ಕದವರಿಗೆ ದಾಟಿಸುತ್ತಿದ್ದಳು. ಅವಳ ಅಪ್ಪ ಪ್ರಭಾಕರ ಶಿವಮೊಗ್ಗ ರಸ್ತೆಯಲ್ಲಿರುವ ಒಂದು ಎರಕದ ಕಂಪನಿಯಲ್ಲಿ ಗುತ್ತಿಗೆ ಕೆಲಸಗಾರ, ಅಮ್ಮ ಸುನೀತ ಟೈಲರ್ ಅಂಗಡಿಯೊಂದಕ್ಕೆ ಬ್ಲೌಸು ಹೊಲಿದುಕೊಡುತ್ತಾಳೆ. ಮಳೆಗಾಲ ಶುರುವಾಗಿದ್ದ ಒಂದು ಶನಿವಾರ ಜೆಸ್ಸಿ ಕುರಿಮರಿಯನ್ನು ದಾಟಿಸಲಿಲ್ಲ. ಎದೆಗೆ ಅವಚಿಕೊಂಡು ಹೇಳಿದಳು, "ನಮ್ಮಪ್ಪ ಹೊಳೆ ಮೆಟ್ಲ ಮೇಲೆ ಕೂತ್ಕೊಂಡು ಊಟ ಮಾಡ್ತಾರಲ್ಲ, ಆವಾಗ ಮಳೆ ಬರ್ಬಾರ್ದು."

ನನಗೆ ರೋಮಾಂಚನವಾಯಿತು. ಬೆಕ್ಕು, ಹಲ್ಲು ಇವೆಲ್ಲ ಇದರ ಮುಂದೆ ಏನೂ ಅಲ್ಲ. ಆದರೂ ಸ್ಥಳದ ಕಾಲಂ ಖಾಲಿ ಬಿಡಬಾರದಲ್ಲ, "ಯಾವ ಹೊಳೆ ಪುಟ್ಟ?" ಎಂದು ಕೇಳಿದೆ. ನಮಗೆ ಮನೆ ಹತ್ತಿರ ಭದ್ರೆ, ಬಸ್ಸು ಹತ್ತಿದರೆ ತುಂಗೆ. "ಬಸ್ಸಲ್ಲಿ ಹೋಗ್ಬೇಕು. ಕೋಟೆ ಹತ್ರ. ಮೀನಿದಾವೆ" ಅಂದಳು. ಕೋಟೆ, ಶಿವಮೊಗ್ಗ ಎಂದು ಬರೆದುಕೊಂಡೆ. ರಸ್ತೆ ಬದಿಯ ಕಂಪನಿಯಲ್ಲಿ ಪಾಳಿ ಮಾಡುವವನು ಮಧ್ಯಾಹ್ನದ ಊಟಕ್ಕೆ ಅಷ್ಟು ದೂರ ಕೋಟೆಗೆ ಯಾಕೆ ಹೋಗುತ್ತಾನೆ? ಆ ದಾರಿಯ ಬಸ್‌ಸ್ಟಾಪುಗಳನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲ ನನಗೆ ಈ ಪ್ರಶ್ನೆ ಬರಲಿಲ್ಲ. ಬರೆಯುವಾಗ ಯೋಚಿಸುವ ಅಭ್ಯಾಸ ಟಪಾಲು ವಿಭಾಗದವರಿಗೆ ಇರುವುದಿಲ್ಲ, ಯೋಚಿಸುವವರು ಬೇರೆ ಟೇಬಲ್ಲಿನಲ್ಲಿ ಇರುತ್ತಾರೆ.

ಶುದ್ಧಪ್ರತಿ ತೆಗೆಯುವಾಗ ಓದುವುದಕ್ಕೆ ಉದ್ದವಾಗುತ್ತದೆ ಎಂದು ಸ್ಥಳ ಬಿಟ್ಟೆ. ಹೆಸರು ಬಿಡಲಿಲ್ಲ. ಸಭೆಯಲ್ಲಿ ಜೆಸ್ಸಿ ಎಂಬುವವರು ಮೂವರಿದ್ದಾರೆ, ಗೊಂದಲವಾಗಬಾರದು. ಭಾನುವಾರ ಅಯ್ಯನವರು ಓದಿದರು, "ಜೆಸ್ಸಿ, ತಂದೆ ಪ್ರಭಾಕರ. ಅಪ್ಪ ದಿನಾ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಊಟ ಮಾಡುವಾಗ ಮಳೆ ಬಾರದಿರಲಿ." ಜನ ನಗಲಿಲ್ಲ, ಅಯ್ಯೋ ಪಾಪ ಎಂಬ ಒಂದು ಮೆತ್ತನೆಯ ಸದ್ದು ಹೊರಟಿತು. ನಗುವಿಗಿಂತ ಇದೇ ದೊಡ್ಡದು ಎಂದು ನಾನು ಒಳಗೊಳಗೇ ಹಿಗ್ಗಿ ಸುತ್ತ ನೋಡಿದೆ. ಹೆಂಗಸರ ಕಡೆಯ ಬೆಂಚಿನಲ್ಲಿ ಸುನೀತ ಗಂಡಸರ ಕಡೆಗೆ ತಿರುಗಿ ನೋಡುತ್ತಿದ್ದಳು. ಪ್ರಭಾಕರ ಹಾಡಿನ ಪುಸ್ತಕವನ್ನು ನೋಡುತ್ತಿದ್ದ. ಪುಸ್ತಕ ಮುಚ್ಚಿತ್ತು. ಮುಂದಿನ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಅವನು ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಮತ್ತೆ ಬರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ನಮ್ಮ ಮನೆಯ ಬಾಗಿಲಲ್ಲಿ ಸುನೀತ ನಿಂತಿದ್ದಳು. ಸೊಂಟದಲ್ಲಿ ಜೆಸ್ಸಿ, ಕೈಯಲ್ಲಿ ಮಡಿಸದ ಕೊಡೆ. ಒಳಗೆ ಬಾ ಎಂದರೆ ಬರಲಿಲ್ಲ. "ಅವ್ರು ಮನೆಗೆ ಬಂದಿಲ್ಲ ಅಂಕಲ್. ಫೋನ್ ಸ್ವಿಚಾಫ್. ಕಂಪನಿ ಗೇಟಿಗೆ ಫೋನ್ ಮಾಡಿದ್ರೆ, ಆ ಹೆಸ್ರಿನೋರು ಬಿಟ್ಟು ಮೂರು ತಿಂಗಳಾಯ್ತು ಅಂತಾರೆ." ಜೆಸ್ಸಿಯನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು, "ನೀವು ಬುಕ್ಕಲ್ಲಿ ಎಲ್ಲ ಬರ್ಕೊತೀರಂತಲ್ಲ. ಯಾವ ಹೊಳೆ, ಯಾವ ಮೆಟ್ಲು ಅಂತ ಬರ್ಕೊಂಡಿದೀರಾ?" ಎಂದು ಕೇಳಿದಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ನೋಟ್‌ಬುಕ್ಕು ತಂದು, ಬೆರಳಿಟ್ಟು, ಸ್ಥಳದ ಕಾಲಮ್ಮನ್ನು ತೋರಿಸಿದೆ. ಜೆಸ್ಸಿ ನನ್ನ ಬೆರಳನ್ನೂ ಪುಸ್ತಕವನ್ನೂ ನೋಡಿ ಅಮ್ಮನ ಹೆಗಲಿನಲ್ಲಿ ಮುಖ ಹುದುಗಿಸಿಕೊಂಡಳು. ನನ್ನ ಹೆಂಡತಿ ಅವರಿಬ್ಬರನ್ನೂ ಕೈಹಿಡಿದು ಒಳಗೆ ಕೂರಿಸಿ, ನನ್ನ ಕಡೆ ತಿರುಗಿ, "ನಿಂತ್ಕೊಂಡು ಏನ್ ಓದ್ತಿದೀರ? ಹೋಗ್ರಿ" ಅಂದಳು.

ಬಸ್ಸಿನಲ್ಲಿ ಕುಳಿತಿದ್ದಷ್ಟು ಹೊತ್ತೂ ಮಳೆ. ಕಿಟಕಿಯ ಪರದೆ ಇಳಿಸಿದ್ದರು, ಹೊರಗೇನೂ ಕಾಣುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು. ನನಗಾದಂಥ ಹೆದರಿಕೆ ಬೇರೆ ಯಾರಿಗೂ ಬೇಡ. ಮನಸ್ಸಿನ ಹಾಳು ಅಭ್ಯಾಸ ನೋಡಿ, ಆ ಹೊತ್ತಿನಲ್ಲೂ ಅದು ವಾಕ್ಯ ಕಟ್ಟುತ್ತಿತ್ತು, ಪ್ರಭಾಕರ, ವಯಸ್ಸು ಮೂವತ್ತನಾಲ್ಕು, ಸ್ಥಳ ಕೋಟೆ ಎಂದು. ವಿಲೇವಾರಿ ಎಂಬ ಪದ ಬರುವಷ್ಟರಲ್ಲಿ ನಾನು ಎದ್ದು ಹೋಗಿ ಕಂಡಕ್ಟರನ ಹತ್ತಿರ ನಿಂತುಕೊಂಡೆ. ಕೋಟೆಯ ಹತ್ತಿರ ಆಟೋದಿಂದ ಇಳಿದು ಹೊಳೆಯ ಕಡೆ ಹೋದರೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಕೆಳಗಿನ ಮೆಟ್ಟಿಲುಗಳು ಕಾಣಿಸುತ್ತಲೇ ಇರಲಿಲ್ಲ. ಮೇಲಿನ ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ.

ಮುಚ್ಚಿದ್ದ ಒಂದು ಹೂವಿನ ಅಂಗಡಿಯ ಕಟ್ಟೆಯ ಮೇಲೆ ಪ್ರಭಾಕರ ಕುಳಿತಿದ್ದ. ಚರ್ಚಿಗೆ ಹಾಕಿಕೊಂಡು ಬಂದಿದ್ದ ಇಸ್ತ್ರಿ ಅಂಗಿಯೇ, ನೆನೆದು ಮೈಗೆ ಅಂಟಿತ್ತು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಗಿ, "ಊಟ ಆಯ್ತಾ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಅಳುತ್ತಾನೋ ನಗುತ್ತಾನೋ ತಿಳಿಯಲಿಲ್ಲ. "ಭಾನುವಾರ ಡಬ್ಬಿ ಕಟ್ಟಲ್ಲ ಅಂಕಲ್" ಅಂದ.

ನಾನು ಪಕ್ಕದಲ್ಲಿ ಕುಳಿತೆ. ಅವನಾಗಿಯೇ ಹೇಳಿದ. ಗುತ್ತಿಗೆ ಮುಗಿಯಿತು, ನಾಳೆಯಿಂದ ಬರಬೇಡಿ ಎಂದಿದ್ದರು. ಬೇರೆ ಕಡೆ ಸಿಕ್ಕ ಮೇಲೆ ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದ. ಸಿಗಲಿಲ್ಲ. ಪಿ.ಎಫ್. ದುಡ್ಡು ತೆಗೆದು ಸಂಬಳ ಎಂದು ಕೊಡುತ್ತಿದ್ದ. "ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಹೊರಡೋದೇನು ಕಷ್ಟ ಅಲ್ಲ ಅಂಕಲ್. ಸಾಯಂಕಾಲ ಬಟ್ಟೆ ಕೊಳೆ ಮಾಡ್ಕೊಳೋದೇ ಕಷ್ಟ. ಸುನೀತ ಒಗಿವಾಗ ನೀರು ಕಪ್ಪಗಾಗ್ಬೇಕಲ್ಲ. ಗ್ಯಾರೇಜಿನ ಹತ್ರ ಹೋಗಿ ಅವರ ಮಸಿ ಬಟ್ಟೆ ಇಸ್ಕೊಂಡು ಅಂಗಿಗೆ ಒರೆಸ್ಕೊತಿದ್ದೆ." ಒಂದು ದಿನ ಸುನೀತಳಿಗೆ ಹೊಲಿಗೆ ಹೆಚ್ಚಿತ್ತೆಂದು ಜೆಸ್ಸಿಯನ್ನು ಶಿವಮೊಗ್ಗದ ಅಕ್ಕನ ಮನೆಯಲ್ಲಿ ಬಿಡಲು ಕರೆದುಕೊಂಡು ಬಂದಿದ್ದ. ಅಕ್ಕನ ಮನೆಗೆ ಬೀಗ. ಇಡೀ ದಿನ ಮಗು ಅವನ ಜೊತೆ ಇಲ್ಲಿ ಹೊಳೆಯ ಮೆಟ್ಟಿಲ ಮೇಲೆಯೇ ಕುಳಿತಿತ್ತು, ಒಂದೇ ಡಬ್ಬಿಯಲ್ಲಿ ಇಬ್ಬರೂ ಊಟ ಮಾಡಿದ್ದರು. "ಅಮ್ಮಂಗೆ ಹೇಳ್ಬೇಡ ಅಂದಿದ್ದೆ. ಹೇಳ್ಲಿಲ್ಲ ನೋಡಿ ಅವಳು. ದೇವ್ರಿಗೆ ಹೇಳ್ಬೇಡ ಅಂತ ನಾನೇ ಹೇಳಿರ್ಲಿಲ್ಲ."

ನಾನು ತಪ್ಪಾಯಿತು ಎಂದೆ. ಅದೊಂದು ಮಾತನ್ನು ಹೇಳುವುದಕ್ಕೆ ನನಗೆ ಎಷ್ಟು ಹೊತ್ತಾಯಿತೆಂದರೆ ಅಷ್ಟರಲ್ಲಿ ಮಳೆ ನಿಂತಿತ್ತು. ಅವನು ನೀರಿನ ಕಡೆ ನೋಡುತ್ತ, "ನೀವು ನನ್ನ ಹೆಸ್ರು ಯಾಕೆ ಹಾಕಿದ್ರಿ ಅಂಕಲ್?" ಎಂದು ಕೇಳಿದ. "ಜೆಸ್ಸಿ ಅಂತ ಮಾತ್ರ ಹಾಕಿದ್ರೆ ಯಾವ ಜೆಸ್ಸಿನೋ ಅಂತ ಆಗಿರೋದು. ಮೂರು ಜೆಸ್ಸಿ ಇದಾರಲ್ಲ." ನನ್ನ ಹತ್ತಿರ ಇದ್ದ ಒಂದೇ ಉತ್ತರ, ಆ "ಸುಮ್ನೆ", ಜೋಯಲ್‌ನದು. ಪ್ರಭಾಕರನ ಕೈ ಹಿಡಿದು ಎಬ್ಬಿಸಿದೆ. ಇಬ್ಬರೂ ಬಸ್ಸು ಹತ್ತಿದೆವು. ನ್ಯೂ ಟೌನಿನಲ್ಲಿ ಇಳಿದಾಗ, "ನೀವು ಮುಂದೆ ನಡೀರಿ, ನಾನು ಹಿಂದಿಂದ ಬರ್ತೀನಿ" ಅಂದ. ನಾನು ಮುಂದೆ ನಡೆದೆ, ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ.

ನಮ್ಮ ಮನೆಯಲ್ಲಿ ಆ ಸಂಜೆ ಅವರು ಏನು ಮಾತಾಡಿಕೊಂಡರು ಎಂದು ನನಗೆ ಗೊತ್ತಿಲ್ಲ. ನನ್ನ ಹೆಂಡತಿ ನನ್ನನ್ನು ಅಡುಗೆಮನೆಯಲ್ಲಿ ಡಬ್ಬಿಗಳ ಜೊತೆ ಬಿಟ್ಟು ಬಾಗಿಲು ಎಳೆದುಕೊಂಡಿದ್ದಳು. ಮರುದಿನ ಸುನೀತ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಕೆಲಸ ಹೋದದ್ದಕ್ಕಲ್ಲವಂತೆ, ಮೂರು ತಿಂಗಳು ಗ್ಯಾರೇಜಿನ ಮಸಿಯನ್ನು ತನ್ನ ಕೈಯಲ್ಲಿ ತಿಕ್ಕಿಸಿದ್ದಕ್ಕೆ. ಇದನ್ನೂ ಹೆಂಡತಿ ಹೇಳಿದ್ದು. ಅಯ್ಯನವರು ಇನ್ನು ಮಕ್ಕಳ ಚೀಟಿ ಬೇಡ ಎಂದರು. ನಾನು ಕೂಟ ಬಿಡುತ್ತೇನೆ ಎಂದಾಗ ಗ್ರೇಸಮ್ಮ, "ಬಿಟ್ಟು ಮನೇಲಿ ಏನ್ ಮಾಡ್ತೀರಿ? ಬನ್ನಿ, ಜೋಯಲ್ ಕಚ್ಚೋಕೆ ಯಾರಾದ್ರೂ ಬೇಕಲ್ಲ" ಅಂದರು. ನಾಲ್ಕು ಶನಿವಾರ ನನ್ನ ಚಾಪೆಯಲ್ಲಿ ಐದೇ ಮಕ್ಕಳು. ಜೆಸ್ಸಿ ಕೂರುತ್ತಿದ್ದ ಜಾಗದಲ್ಲಿ ಯಾರನ್ನೂ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ನೋಟ್‌ಬುಕ್ಕು ಮನೆಯ ಬೀರುವಿನಲ್ಲಿತ್ತು. ಪೆನ್ನು ಮಾತ್ರ ಅಂಗಿಯ ಜೇಬಿನಲ್ಲೇ, ಮೂವತ್ತೊಂದು ವರ್ಷ ಇದ್ದ ಕಡೆ.

ಐದನೆಯ ಶನಿವಾರ, ತವರಿನಿಂದ ವಾಪಸಾಗಿದ್ದ ಸುನೀತ ಬಂದು ಜೆಸ್ಸಿಯನ್ನು ಬಿಟ್ಟು ಹೋದಳು. ನನ್ನ ಕಡೆ ನೋಡಿದಳು, ನಗಲಿಲ್ಲ. ಪ್ರಭಾಕರನಿಗೆ ಕೆಲಸ ಸಿಕ್ಕಿರಲಿಲ್ಲ. ಈಗಲೂ ಒಂದು ವಾರ ಸಿಕ್ಕರೆ ಎರಡು ವಾರ ಇಲ್ಲ. ಮಧ್ಯಾಹ್ನದ ಊಟ ಮಾತ್ರ ಮನೆಯಲ್ಲಿ ಮಾಡುತ್ತಾನೆ. ಕುರಿಮರಿ ಸುತ್ತು ಬಂದು ಜೆಸ್ಸಿಯ ಮಡಿಲಿಗೆ ಬಂತು. ಯೇಸಪ್ಪನಿಗೆ ಏನು ಹೇಳೋಣ ಎಂದು ಕೇಳಿದೆ. ಅವಳು ಅಡ್ಡಡ್ಡ ತಲೆ ಆಡಿಸಿದಳು.

"ಹೇಳಲ್ಲ. ತಾತ ಬರ್ಕೊತಾರೆ."

"ಬರ್ಕೊಳಲ್ಲ ಪುಟ್ಟ. ಬುಕ್ಕೇ ತಂದಿಲ್ಲ ನೋಡು."

"ಪೆನ್ನಿದೆ" ಎಂದು ಜೇಬಿನ ಕಡೆ ಬೆರಳು ಮಾಡಿದಳು. ಆರೂ ಮಕ್ಕಳು ನನ್ನ ಜೇಬನ್ನು ನೋಡಿದವು. ಆಮೇಲೆ ಜೆಸ್ಸಿ ಕಣ್ಣು ಮುಚ್ಚಿ, ಕುರಿಮರಿಯ ಕಿವಿ ಹಿಡಿದುಕೊಂಡು, ಗಟ್ಟಿಯಾಗಿ, "ಯೇಸಪ್ಪ, ತಾತನ್ ಪೆನ್ನು ಕಳ್ದೋಗ್ಲಿ" ಅಂದಳು. ಐವರೂ ಆಮೆನ್ ಅಂದರು. ಜೋಯಲ್ ಒಂದು ಕಣ್ಣು ತೆರೆದು, ಪೆನ್ನು ಹೋಯಿತೋ ಎಂದು ನೋಡಿದ. ಚಾಪೆಯ ದೊಡ್ಡವನು ಆಮೆನ್ ಅನ್ನದೆ ಬಿಡುವ ಹಾಗಿಲ್ಲ. ನಾನೂ ಅಂದೆ.

ಮುಂದಿನ ಶನಿವಾರ ಪೆನ್ನನ್ನು ಮನೆಯಲ್ಲಿ ಬಿಟ್ಟು ಹೋದೆ. ಜೆಸ್ಸಿ ಬಂದವಳೇ ನನ್ನ ಜೇಬಿನೊಳಗೆ ಕೈ ಹಾಕಿ ತಡಕಿ, ಮಿಕ್ಕವರ ಕಡೆ ತಿರುಗಿ, "ಕಳ್ದೋಯ್ತು" ಎಂದು ಹೇಳಿದಳು. ಆ ಚಾಪೆಯಿಂದ ಹೋದ ಅಷ್ಟೊಂದು ಕೋರಿಕೆಗಳಲ್ಲಿ ವಿಲೇವಾರಿಯಾದದ್ದನ್ನು ಮಕ್ಕಳು ಕಣ್ಣಾರೆ ಕಂಡದ್ದು ಇದೊಂದೇ. ಆಮೇಲೆ ಕುರಿಮರಿ ಕೈಗೆ ಬಂದಾಗ ಅವಳು ಎದ್ದು ಬಂದು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟನ್ನು ಬರೆದೆಯಲ್ಲ ಎಂದು ನೀವು ಕೇಳಬಹುದು. ಪ್ರಭಾಕರನನ್ನು ಕೇಳಿಯೇ ಬರೆದಿದ್ದೇನೆ. "ಬರೀರಿ ಅಂಕಲ್, ಹೆಸ್ರು ಮಾತ್ರ ಬೇಡ" ಅಂದ. ಹಾಗಾಗಿ ಅವನ ಹೆಸರು ಪ್ರಭಾಕರ ಅಲ್ಲ, ಮಗಳು ಜೆಸ್ಸಿಯೂ ಅಲ್ಲ. ಪೂರ್ಣ ವಿವರವಿಲ್ಲದೆ ನಾನು ಮುಂದಕ್ಕೆ ಕಳಿಸುತ್ತಿರುವ ಮೊದಲ ಕಾಗದ ಇದು. ಪೆನ್ನು ನನ್ನದಲ್ಲ, ಹೆಂಡತಿಯದು, ಅವಳು ಎರಡು ಸಲ ವಾಪಸು ಕೇಳಿ ಆಯಿತು. ಮೊನ್ನೆ ಜೆಸ್ಸಿ ನನ್ನ ಅಂಗೈ ಹಿಡಿದು ಬೆರಳಿನಿಂದ ಅ, ಆ, ಇ, ಈ ಬರೆದು ತೋರಿಸಿದಳು. ಸ್ಕೂಲಿನಲ್ಲಿ ಕ, ಖ, ಗ ಶುರುವಾಗಿದೆಯಂತೆ. ಅವಳು ಕಾಗುಣಿತಕ್ಕೆ ಬರುವುದರೊಳಗೆ ಮುಗಿಸಿಬಿಡಬೇಕು ಎಂದು ಬೇಗ ಬೇಗ ಬರೆದಿದ್ದೇನೆ. ಅದಕ್ಕೇ ಈ ಸಲ ಅಕ್ಷರ ಅಷ್ಟು ಚೆನ್ನಾಗಿ ಬಂದಿಲ್ಲ.